ಕರೆ ಮುಗಿದ ಮೇಲಿನ ನಲವತ್ತು ಸೆಕೆಂಡು

ಆಗಸ್ಟ್ 4

ಪ್ರೀತಿಯ ಅಕ್ಕ,

ಹಾಸ್ಟೆಲ್ಲಿಗೆ ಬಂದು ಹದಿನಾರು ದಿನವಾಯಿತು. ಅಮ್ಮ ತೀರಿಕೊಂಡ ವರ್ಷದಿಂದ ಎಣಿಸಿದರೆ ಇದು ನನ್ನ ನಾಲ್ಕನೇ ಹಾಸ್ಟೆಲ್. ಅಷ್ಟಾದರೂ ಮೊದಲ ವಾರ ಬಟ್ಟೆಯನ್ನು ಟ್ರಂಕಿನಿಂದ ಕಪಾಟಿಗೆ ಹಾಕಲಿಲ್ಲ. ಯಾರಾದರೂ ಬಂದು ನಿನ್ನ ಅಡ್ಮಿಶನ್ ಕ್ಯಾನ್ಸಲ್ ಎಂದುಬಿಟ್ಟರೆ ಮತ್ತೆ ಮಡಚಬೇಕಲ್ಲ ಎಂದು. ರೂಮ್‌ಮೇಟ್ ನೋಡಿ ನಕ್ಕಳು. ಈಗ ಅರ್ಧ ಬಟ್ಟೆ ಕಪಾಟಿನಲ್ಲಿದೆ.

ಫೋನ್ ಬೇಡ, ಕಾಗದ ಬರಿ ಎಂದು ನೀನು ಹೇಳಿದ್ದು ಇಲ್ಲಿ ಎಲ್ಲರಿಗೂ ತಮಾಷೆ. ನಮ್ಮಕ್ಕ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೂತು ದಿನಕ್ಕೆ ನೂರು ಜನರ ಕೂಗು ಕೇಳುತ್ತಾಳೆ, ಯಾವ ಗಾಡಿ ಎಲ್ಲಿಗೆ ಓಡಬೇಕೆಂದು ಹೇಳುತ್ತಾಳೆ, ಮನೆಗೆ ಬಂದ ಮೇಲೂ ಕಿವಿಗೆ ಫೋನ್ ಹಚ್ಚಿಕೋ ಅಂದರೆ ಹೇಗೆ ಎಂದು ನಾನೇ ವಾದ ಮಾಡಿದೆ. ಗೆದ್ದೆ ಅನಿಸುತ್ತದೆ. ಖಾತ್ರಿ ಇಲ್ಲ.

ಈಗ ಮುಖ್ಯ ವಿಷಯ. ಮೇಲಧಿಕಾರಿಯ ರೀತಿಯಿಂದ ಕೆಳಗಿನವರ ಮನಸ್ಸು, ಆರೋಗ್ಯ ಹೇಗಾಗುತ್ತದೆ ಎಂಬ ಬಗ್ಗೆ ನಮಗೊಂದು ಪ್ರಾಜೆಕ್ಟ್ ಇದೆ. ಒಬ್ಬೊಬ್ಬರು ಒಂದೊಂದು ಆಫೀಸ್ ಆರಿಸಿಕೊಳ್ಳಬೇಕು. ಉಳಿದವರೆಲ್ಲಾ ಬ್ಯಾಂಕು, ಶೋರೂಮು ಎಂದರು. ನಾನು ಕೈಯೆತ್ತಿ ಆಂಬುಲೆನ್ಸ್ ಕಂಟ್ರೋಲ್ ರೂಮ್ ಎಂದೆ. ಸೇರಿದ ಮೇಲೆ ಕ್ಲಾಸಿನಲ್ಲಿ ನಾನಾಡಿದ ಮೊದಲ ಮಾತು ಅದು. ಧ್ವನಿ ಕೀರಲಾಯಿತು. ಆದರೆ ಮೇಡಂ ಗುಡ್ ಎಂದರು.

ನಿಮ್ಮಲ್ಲಿ ಜೂನ್‌ನಲ್ಲಿ ಹಳೆಯ ಸೂಪರ್‌ವೈಸರ್ ಹೋಗಿ ಹೊಸಬರು ಬಂದಿದ್ದಾರಲ್ಲ, ಅದು ನನಗೆ ಬಿಫೋರ್-ಆಫ್ಟರ್ ಇದ್ದ ಹಾಗೆ. ಇಪ್ಪತ್ತು ಪ್ರಶ್ನೆ ಕಳಿಸಿದ್ದೇನೆ. ಪೂರ್ತಿ ತಪ್ಪು ಅನಿಸಿದರೆ ಒಂದು, ಪೂರ್ತಿ ಸರಿ ಅನಿಸಿದರೆ ಐದು ಹಾಕು. ಯೋಚನೆ ಮಾಡಿ ಹಾಕು.

ಖಾಯಂ ಪಟ್ಟಿ ವರ್ಷ ಮುಗಿಯುವುದರೊಳಗೆ ಅಂದಿದ್ದೆ ನೀನು. ಒಂಬತ್ತು ವರ್ಷ ಕಾಂಟ್ರಾಕ್ಟಿನಲ್ಲೇ ಕಳೆದಿದ್ದೀಯ. ಈ ಸಲ ನಿನ್ನ ಹೆಸರು ಬರುತ್ತದೆಯಾ? ಬಂತೆಂದು ಗೊತ್ತಾದ ದಿನ ಉಳಿದರ್ಧ ಬಟ್ಟೆಯನ್ನೂ ಕಪಾಟಿಗೆ ಹಾಕುತ್ತೇನೆ.

ನಿನ್ನ ಗುಬ್ಬಿ


ಆಗಸ್ಟ್ 13

ಗುಬ್ಬಿ,

ಪ್ರಶ್ನೆಗಳನ್ನು ತುಂಬಿ ಇದರ ಜೊತೆ ಇಟ್ಟಿದ್ದೇನೆ. ಇಪ್ಪತ್ತಕ್ಕೂ ಐದು. ಯೋಚನೆ ಮಾಡಿಯೇ ಹಾಕಿದ್ದು.

ಹಳೆಯವರನ್ನು ನಾವೆಲ್ಲಾ ಮಾವ ಎನ್ನುತ್ತಿದ್ದೆವು. ನಮ್ಮ ಕೋಣೆಯಲ್ಲಿ ಹತ್ತೊಂಬತ್ತು ಸೀಟು. ಎಲ್ಲರಿಗೂ ಕೆಟ್ಟ ಕರೆಗಳು ಬರುತ್ತವೆ. ಗಾಡಿ ತಲುಪುವವರೆಗೆ ನಾವು ಫೋನಿನಲ್ಲೇ ಇರಬೇಕು, ಎದೆ ಒತ್ತುವುದು ಹೇಗೆಂದು ಹೇಳಿಕೊಡಬೇಕು, ಜೊತೆಗೆ ಎಣಿಸಬೇಕು. ಅಂಥದ್ದೊಂದು ಮುಗಿದ ಮೇಲೆ ಯಾರಿಗೆ ಆಗುವುದಿಲ್ಲವೋ ಅವರು ಮೇಜಿನ ಮೇಲೆ ತಮ್ಮ ಲೋಟ ಬೋರಲು ಹಾಕುತ್ತಿದ್ದರು. ಮಾವ ಎದ್ದು ಬಂದು, ಭುಜ ತಟ್ಟಿ, ಹೆಡ್‌ಫೋನ್ ತಾವು ಹಾಕಿಕೊಂಡು ಆ ಸೀಟಿನಲ್ಲಿ ಕೂರುತ್ತಿದ್ದರು. ಏನಾಯಿತು ಎಂದು ಕೇಳುತ್ತಿರಲಿಲ್ಲ. ನಾವು ಹೊರಗೆ ಮೆಟ್ಟಿಲ ಮೇಲೆ ಕೂತು ವಾಪಸು ಬರುತ್ತಿದ್ದೆವು.

ಹಾಗಂತ ಮಾವನನ್ನು ಮೇಲಕ್ಕೇರಿಸಬೇಡ. ಅವರು ಕಾಗದಪತ್ರದ ವಿಷಯದಲ್ಲಿ ದೊಡ್ಡ ಸೊನ್ನೆ. ನನ್ನ ಖಾಯಂ ಫೈಲು ಮೂರು ವರ್ಷ ಅವರ ಡ್ರಾಯರಿನಲ್ಲಿ, ಹಳೇ ಕ್ಯಾಲೆಂಡರುಗಳ ಕೆಳಗೆ ಬಿದ್ದಿತ್ತು. ಹೊಸ ಸಾಹೇಬರು ಬಂದ ಮೊದಲನೇ ವಾರ ಅದನ್ನು ಹುಡುಕಿ ತೆಗೆದು, ಧೂಳು ಕೊಡವಿ, ಇದು ಯಾರದ್ದು ಎಂದು ಕೇಳಿದರು. ಈಗ ಅದು ಅವರ ಸಹಿಗೆ ಕಾದಿದೆ. ಪಟ್ಟಿಯಲ್ಲಿ ಹೆಸರು ಬರಬಹುದು.

ಅವರು ಬಂದ ಮೇಲೆ ಹೊಸ ಕುರ್ಚಿ ಬಂದಿವೆ. ಮಿಣುಕುತ್ತಿದ್ದ ಟ್ಯೂಬ್‌ಲೈಟ್ ಬದಲಾಗಿದೆ. ರಜೆಯ ಪುಸ್ತಕ ಎಲ್ಲರೂ ನೋಡುವ ಹಾಗೆ ಬಾಗಿಲ ಹತ್ತಿರ ತೂಗುಹಾಕಿದೆ. ಗೋಡೆಯ ಮೇಲೊಂದು ದೊಡ್ಡ ಬೋರ್ಡು, ಅದರಲ್ಲಿ ನಮ್ಮ ಹೆಸರು, ಕರೆ ಎತ್ತಲು ತೆಗೆದುಕೊಂಡ ಸೆಕೆಂಡು. ಬೇಗ ಎತ್ತಿ ಮಾತಿನಲ್ಲಿದ್ದರೆ ಹಸಿರು. ನಾನು ಸಾಮಾನ್ಯವಾಗಿ ಮೇಲಿನ ಮೂರರಲ್ಲಿರುತ್ತೇನೆ. ಯಾರದೋ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿದ ಮೇಲೆ ಮೇಜಿನ ಮೇಲೆ ಲೋಟ ಇಡುವ ಹಾಗಿಲ್ಲ. ಅದೂ ನ್ಯಾಯವೇ. ಏಳಬೇಕಾದರೆ ಕಂಪ್ಯೂಟರಿನಲ್ಲಿ ಕಾರಣ ಒತ್ತಬೇಕು: ಶೌಚಾಲಯ, ಊಟ, ಯಂತ್ರದ ತೊಂದರೆ, ಇತರೆ. ಇತರೆ ಒತ್ತಿದರೆ ವಿವರ ಬರೆಯಬೇಕು. ಇದುವರೆಗೆ ಯಾರೂ ಒತ್ತಿಲ್ಲ.

ಒಳ್ಳೆಯವರೇ.

ಬಟ್ಟೆ ಕಪಾಟಿಗೆ ಹಾಕು. ಜಿರಳೆ ಸೇರುತ್ತದೆ.

ಅಕ್ಕ


ಆಗಸ್ಟ್ 24

ಅಕ್ಕ,

ಇಪ್ಪತ್ತಕ್ಕೆ ಇಪ್ಪತ್ತೂ ಐದು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ಊಟ ಎರಡು ಸಲ ಹಾಕಿಸಿಕೊಂಡೆ. ಗ್ರಾಫ್ ಹಾಕಿದರೆ ಒಂದೇ ನೇರ ಗೆರೆ. ಮೇಡಂ ಮಾತ್ರ ಕನ್ನಡಕ ಮೇಲೆತ್ತಿ, "ಎಲ್ಲಾ ಒಂದೇ ಉತ್ತರ ಬಂದಿದ್ರೆ ಎರಡರಲ್ಲೊಂದು. ಆಫೀಸು ತುಂಬಾ ಚೆನ್ನಾಗಿದೆ, ಇಲ್ಲಾ ಉತ್ತರ ಕೊಟ್ಟೋರಿಗೆ ಪೆನ್ನು ಕೆಳಗಿಡೋ ಅವಸರ ಇತ್ತು" ಎಂದರು. ನಮ್ಮಕ್ಕ ಅಂಥವಳಲ್ಲ ಎಂದೆ. ಧ್ವನಿ ಕೀರಲಾಗಲಿಲ್ಲ.

ನನಗೆ ನಿಮ್ಮ ಹೊಸ ಸಾಹೇಬರೇ ಹಿಡಿಸಿದರು. ಮೇಲಧಿಕಾರಿಗಳ ಬಗ್ಗೆ ನನಗೆ ಪುಸ್ತಕ ಬೇಕಾಗಿಲ್ಲ, ಆರು ವಾರ್ಡನ್‌ಗಳನ್ನು ಕಂಡವಳು ನಾನು. ಎರಡನೇ ಹಾಸ್ಟೆಲ್ಲಿನ ವಾರ್ಡನ್ ನೆನಪಿದೆಯಾ, ಜ್ವರ ಬಂದರೆ ಮಂಚದ ಮೇಲೆ ಕೂತು ತಲೆ ಸವರುತ್ತಿದ್ದರು? ಅವರಿಗೆ ಯಾವಾಗ ಸಿಟ್ಟು ಬರುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರ ನಂತರ ಬಂದವರು ಗೋಡೆಗೆ ಚಾರ್ಟ್ ಅಂಟಿಸಿದರು. ಯಾವ ತಪ್ಪಿಗೆ ಯಾವ ಶಿಕ್ಷೆ, ಎಲ್ಲಾ ಬರೆದಿತ್ತು. ಆ ವರ್ಷವೇ ನಾನು ಸರಿಯಾಗಿ ನಿದ್ದೆ ಮಾಡಿದ್ದು. ನಿಮ್ಮ ಮಾವನದ್ದು ಮನಸ್ಸು ಬಂದ ಹಾಗೆ ನಡೆಯುವ ಆಡಳಿತ. ಸಾಹೇಬರದ್ದು ಚಾರ್ಟಿನ ಆಡಳಿತ. ರಿಪೋರ್ಟಿನಲ್ಲಿ ಹೀಗೇ ಬರೆಯುತ್ತೇನೆ.

ಒಂದೇ ಒಂದು ಕಡೆ ನನಗೆ ಗ್ಯಾಪ್ ಇದೆ. ಲೋಟ ಹೋದ ಮೇಲೆ, ಕೆಟ್ಟ ಕರೆ ಮುಗಿದಾಗ ಈಗ ಏನು ಮಾಡುತ್ತೀರಿ? ಒಂದು ಪ್ಯಾರಾ ಸಾಕು.

ಗುಬ್ಬಿ


ಸೆಪ್ಟೆಂಬರ್ 9

ಗುಬ್ಬಿ,

ತಡವಾಯಿತು. ಎರಡು ವಾರ ಒಂದೇ ಸಮನೆ ಬೆಳಗಿನ ಪಾಳಿ.

ನೀನು ಕೇಳಿದ್ದು. ಪಕ್ಕದ ಸೀಟಿನಲ್ಲಿ ಒಬ್ಬಳಿದ್ದಾಳೆ, ಎಲ್ಲರನ್ನೂ ಬೈದು ಸಾಕುವವಳು, ಅದಕ್ಕೇ ಅವಳಿಗೆ ಅತ್ತಿಗೆ ಎಂದು ಹೆಸರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿಯೊಂದನ್ನು ಕಂಡುಹಿಡಿದವಳು ಅವಳೇ. ಗಾಡಿ ಮನೆಬಾಗಿಲಿಗೆ ಬಂದ ಕೂಡಲೇ ಕರೆ ಮಾಡಿದವರು ಫೋನನ್ನು ಎಲ್ಲೋ ಎಸೆದು ಓಡುತ್ತಾರೆ. ಕಟ್ ಮಾಡಲು ಯಾರಿಗೂ ನೆನಪಿರುವುದಿಲ್ಲ. ನಾವು ಕಟ್ ಮಾಡಬೇಕು. ಮಾಡದೆ ಬಿಟ್ಟರೆ? ಬೋರ್ಡಿನ ಮೇಲೆ ನಾವಿನ್ನೂ ಮಾತಾಡುತ್ತಿದ್ದೇವೆ ಎಂದೇ ತೋರಿಸುತ್ತದೆ. ಹಸಿರು. ಹೊಸ ಕರೆ ನಮ್ಮ ಕಡೆ ಬರುವುದಿಲ್ಲ. ಒಂದು ನಿಮಿಷ, ಒಂದೂವರೆ. ಅತ್ತಿಗೆ ಅಷ್ಟರಲ್ಲಿ ಉಗುರು ಕತ್ತರಿಸಿಕೊಳ್ಳುತ್ತಾಳೆ. ಈಗ ಹತ್ತೊಂಬತ್ತು ಸೀಟಿನಲ್ಲೂ ಇದೇ.

ಆ ಹೊತ್ತಿನಲ್ಲಿ ಕಿವಿಯೊಳಗೆ ಬೇರೆಯವರ ಮನೆ ಇರುತ್ತದೆ. ನಲ್ಲಿ ತೊಟ್ಟಿಕ್ಕುವುದು, ಫ್ಯಾನಿನ ಕಿರಕಿರ. ಕಳೆದ ಗುರುವಾರ ಒಬ್ಬರು ಯಜಮಾನರು ಹೆಂಡತಿಗಾಗಿ ಕರೆ ಮಾಡಿದ್ದರು. ಗಾಡಿಯಲ್ಲಿ ಹೆಂಡತಿಯ ಜೊತೆ ಮಗ ಹೋದ. ಇವರು ಒಳಗೆ ಬಂದು ಸ್ಟವ್ ಆರಿಸಿದ್ದು ಕೇಳಿಸಿತು. ಆಮೇಲೆ ಫೋನ್ ಕಣ್ಣಿಗೆ ಬಿದ್ದಿರಬೇಕು. "ಯಾರಾದ್ರೂ ಇದ್ದೀರಾ?" ಎಂದರು. ಇದ್ದೀನಿ ಯಜಮಾನ್ರೇ, ಎಂದೆ. "ಸರಿ ಬಿಡಿ ಹಾಗಾದ್ರೆ" ಎಂದು ಕುರ್ಚಿ ಎಳೆದುಕೊಂಡು ಕೂತರು. ನಾವಿಬ್ಬರೂ ಎರಡು ನಿಮಿಷ ಸುಮ್ಮನೆ ಕೂತೆವು. ಆಮೇಲೆ ಅವರೇ ಇಟ್ಟರು.

ನಿನ್ನ ಪ್ಯಾರಾಗೆ ಇಷ್ಟು ಸಾಕಲ್ಲ.

ಅಕ್ಕ


ಸೆಪ್ಟೆಂಬರ್ 20

ಅಕ್ಕ,

ಪ್ಯಾರಾ ಅಲ್ಲ, ಒಂದು ಪೂರ್ತಿ ಚಾಪ್ಟರ್ ಆಯಿತು. ಸಿಬ್ಬಂದಿಯೇ ಕಂಡುಕೊಂಡ ವಿಶ್ರಾಂತಿ ಪದ್ಧತಿ ಎಂದು ಹೆಡಿಂಗ್ ಕೊಟ್ಟೆ. ಮೇಡಂ ಮೊದಲ ಸಲ ಮಾರ್ಜಿನ್ನಿನಲ್ಲಿ ಟಿಕ್ ಹಾಕಿದ್ದಾರೆ.

ಇನ್ನೊಂದು ಗುಡ್ ನ್ಯೂಸ್. ಅಧಿಕಾರಿಯ ಮಾತಿಲ್ಲದೆ ಸ್ಟಡಿ ಅರೆಬರೆ ಎಂದು ಮೇಡಂ ಹೇಳಿದ್ದರಿಂದ ನಿಮ್ಮ ಸಾಹೇಬರಿಗೆ ಬರೆದೆ. ಆ ಲೆಟರ್ ಏಳು ಸಲ ತಿದ್ದಿದೆ. ನಾಲ್ಕೇ ದಿನದಲ್ಲಿ ಉತ್ತರ ಬಂತು, ಕೈಬರಹದಲ್ಲಿ ಎರಡು ಪುಟ. ಒಬ್ಬ ಫಸ್ಟ್ ಇಯರ್ ಹುಡುಗಿಗೆ ಯಾರು ಬರೆಯುತ್ತಾರೆ ಹೇಳು. ಕರೆ ಎತ್ತಲೆಂದು ಕಾಯುವುದು ಎಂದರೇನೆಂದು ನಮ್ಮ ಮನೆಯಲ್ಲೇ ಕಂಡಿದ್ದೇನೆ, ಅದಕ್ಕೇ ಸೆಕೆಂಡುಗಳನ್ನು ಎಣಿಸುತ್ತೇನೆ ಎಂದು ಬರೆದಿದ್ದಾರೆ. ಆ ಸಾಲನ್ನು ರೂಮ್‌ಮೇಟ್‌ಗೂ ಓದಿ ಹೇಳಿದೆ.

ಡ್ರಾಫ್ಟ್ ಆದ ಮೇಲೆ ಸಂಸ್ಥೆಯ ಮುಖ್ಯಸ್ಥರಿಗೆ ತೋರಿಸಿ ತಪ್ಪು ತಿದ್ದಿಸಿಕೊಳ್ಳಬೇಕೆಂದು ನಮ್ಮ ರೂಲ್ ಶೀಟಿನಲ್ಲಿದೆ. ಹಾಗಾಗಿ ನಿನ್ನೆ ಪೋಸ್ಟ್ ಮಾಡಿದೆ. ಯಾರ ಹೆಸರೂ ಇಲ್ಲ, ಹೆದರಬೇಡ. ಎಲ್ಲಾ ಕಡೆ ಒಬ್ಬ ಸಿಬ್ಬಂದಿ ಎಂದೇ ಹಾಕಿದ್ದೇನೆ. ನಿಮ್ಮ ಕೋಣೆಯವರು ಇಷ್ಟು ಬುದ್ಧಿವಂತಿಕೆಯಿಂದ ನಿಭಾಯಿಸುತ್ತಾರೆಂದು ಓದಿದರೆ ಖಾಯಂ ಪಟ್ಟಿಗೆ ಒಳ್ಳೆಯದೇ ಆಗುತ್ತದೆ.

ನಿನ್ನ ಗುಬ್ಬಿ


ಅಕ್ಟೋಬರ್ 8

ಅಕ್ಕ,

ಕಾಗದ ಬರಲಿಲ್ಲ. ಪಾಳಿ ಇರಬೇಕು.

ಸಾಹೇಬರಿಂದಲೂ ಉತ್ತರವಿಲ್ಲ. ಅವರು ನಾಲ್ಕು ದಿನದಲ್ಲಿ ಬರೆಯುವವರು.

ಗುಬ್ಬಿ


ಅಕ್ಟೋಬರ್ 17

ಅಕ್ಕ,

ಹಾಸ್ಟೆಲ್ ಆಫೀಸಿನ ಹೊರಗೆ ಟಪಾಲಿನ ಗೂಡು ಇದೆ. ದಿನಕ್ಕೆ ಎರಡು ಸಲ ನೋಡುತ್ತೇನೆ. ಕ್ಲರ್ಕ್ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾರೆ, ಇಲ್ಲ ಎಂದು. ನಾನು ಏನಾದರೂ ತಪ್ಪು ಮಾಡಿದೆನಾ? ಮಾಡಿದ್ದರೆ ಯಾವುದು ಎಂದು ಮಾತ್ರ ಬರಿ. ಶಿಕ್ಷೆಯ ಬಗ್ಗೆ ಆಮೇಲೆ ನೋಡೋಣ.


ಅಕ್ಟೋಬರ್ 26

ಗುಬ್ಬಿ,

ನೀನು ತಪ್ಪು ಮಾಡಲಿಲ್ಲ. ಯಾರಿಗೂ ಹೇಳಬೇಡ ಎಂದು ನಾನು ಬರೆದಿರಲಿಲ್ಲ. ನಿನ್ನ ರೂಲ್ ಶೀಟಿನಲ್ಲಿದ್ದುದನ್ನು ನೀನು ಮಾಡಿದೆ.

ಈ ತಿಂಗಳ ಹತ್ತನೇ ತಾರೀಕು ಸಾಹೇಬರು ಕರೆಸಿದರು. ಮೇಜಿನ ಮೇಲೆ ನಿನ್ನ ಡ್ರಾಫ್ಟ್ ಇತ್ತು, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಒಬ್ಬ ಸಿಬ್ಬಂದಿ ಯಾರೆಂದು ಕೇಳಲಿಲ್ಲ. ಆ ಕಾಲೇಜಿನಲ್ಲಿ ತಂಗಿ ಇರುವುದು ಒಬ್ಬಳಿಗೇ. ಅವರು ಹಿಂದಿನ ಮೂರು ತಿಂಗಳ ರೆಕಾರ್ಡಿಂಗ್ ತರಿಸಿಕೊಂಡು, ಯಾರೂ ಮಾತಾಡದ ಜಾಗಗಳನ್ನೆಲ್ಲಾ ತಾವೇ ಕೂತು ಕೇಳಿದ್ದರು. ಹನ್ನೊಂದು ದಿನ. ಕಣ್ಣು ಕೆಂಪಾಗಿತ್ತು. ಬೈಯಲಿಲ್ಲ.

ಅದರಲ್ಲೊಂದು, ನಾನು ನಿನಗೆ ಬರೆದಿದ್ದ ಆ ಯಜಮಾನರದ್ದು. ಅದನ್ನು ನನ್ನೆದುರು ಮತ್ತೆ ಹಾಕಿದರು. ಯಾರಾದ್ರೂ ಇದ್ದೀರಾ, ಇದ್ದೀನಿ, ಕುರ್ಚಿ ಎಳೆದ ಸದ್ದು. ಪೂರ್ತಿ ಕೇಳಿಸಿ ನಿಲ್ಲಿಸಿದರು. "ಇದು ವಿಶ್ರಾಂತಿ ಅಲ್ಲ, ಇದೂ ಕೆಲಸವೇ. ಆದ್ರೆ ನಮ್ಮಲ್ಲಿ ಇದಕ್ಕೆ ಕೋಡ್ ಇಲ್ಲ" ಎಂದರು. ಆಮೇಲೆ ಇನ್ನೊಂದು ಹಾಳೆ ತೋರಿಸಿದರು. ಅದೇ ಎರಡು ನಿಮಿಷದಲ್ಲಿ ಹತ್ತೊಂಬತ್ತು ಸೀಟೂ ಹಸಿರಾಗಿದ್ದವು. ಅವುಗಳಲ್ಲಿ ನಾಲ್ಕು ಸೀಟಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೊರಗೆ ಒಂದು ಕರೆ ಐವತ್ತೆರಡು ಸೆಕೆಂಡು ಕಾದಿತ್ತು. ಒಬ್ಬ ಹೆಂಗಸು, ಉಸಿರು ಸಿಗುತ್ತಿಲ್ಲ, ಫೋನ್ ಹಿಡಿದವನು ಅವಳ ತಮ್ಮ. ಆ ಕರೆ ಕೊನೆಗೆ ಏನಾಯಿತೆಂದು ಕೇಳಿದೆ. ಹೇಳಿದರು. ನಿನಗೆ ಬರೆಯುವುದಿಲ್ಲ.

ಉಳಿದ ಮೂವರು ಯಾರೆಂಬುದೂ ಆ ಹಾಳೆಯಲ್ಲಿತ್ತು. ಆದರೂ ಲೈನ್ ಹಿಡಿದಿಡುವುದನ್ನು ಶುರು ಮಾಡಿದ್ದು ಯಾರು ಎಂದರು. ನಾನೇ ಎಂದೆ.

"ನಿಮಗೆ ಎಷ್ಟು ಸೆಕೆಂಡು ಬೇಕು?" ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ಅಂದಾಜು ಹೇಳಿ ಎಂದರು. ಪೆನ್ನು ಕೈಯಲ್ಲಿತ್ತು. ಏನಾದರೂ ಹೇಳಬೇಕಿತ್ತು, ನಲವತ್ತು ಎಂದೆ.

ಈಗ ಕೆಟ್ಟ ಕರೆಯ ನಂತರ ಎಲ್ಲರಿಗೂ ನಲವತ್ತು ಸೆಕೆಂಡು ತಾನಾಗಿ ಸಿಗುತ್ತದೆ. ಪರದೆಯ ಮೂಲೆಯಲ್ಲಿ ನಲವತ್ತರಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಅದು ಮುಗಿದರೆ ಸೀಟು ತೆರೆಯುತ್ತದೆ. ಲೈನ್ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಮಾತಿಲ್ಲದಿದ್ದರೆ ಹತ್ತು ಸೆಕೆಂಡಿಗೆ ತಾನೇ ಕಟ್ ಆಗುತ್ತದೆ. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟು ಐದು ದಿನವಾಗಿತ್ತು. ಆರನೇ ದಿನ ತಾನಾಗಿ ಬಾಯಿಬಿಟ್ಟಳು. "ನಿನ್ನ ತಂಗಿ ಪಾಸಾದ್ಲೇನಮ್ಮಾ? ನಮ್ಮನ್ನೆಲ್ಲಾ ಪರೀಕ್ಷೆಗೆ ಕೂರಿಸಿ ಹೋದ್ಲಲ್ಲ." ಶುರು ಮಾಡಿದ್ದು ನಾನೇ ಎಂದು ಒಳಗೆ ಹೇಳಿದ್ದು ಅವಳಿಗಿನ್ನೂ ಗೊತ್ತಿಲ್ಲ. ಹೇಳುವುದೂ ಇಲ್ಲ.

ಮುಖ್ಯ ಕಚೇರಿಯಿಂದ ಮೂವರು ವಿಚಾರಣೆಗೆ ಬರುತ್ತಾರೆ. ಅದು ಮುಗಿಯುವವರೆಗೆ ನನ್ನ ಫೈಲು ನಿಂತಿದೆ.

ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೋ.

ಅಕ್ಕ


ನವೆಂಬರ್ 3

ಅಕ್ಕ,

ಈ ಕಾಗದವನ್ನು ಹಗಲಲ್ಲಿ, ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಜನರ ನಡುವೆ ಕೂತರೆ ಅಳುವುದಿಲ್ಲ ಎಂದು.

ಆ ಹೆಂಗಸು ತೀರಿಹೋದರೆಂದು ನೀನು ಬರೆಯದಿದ್ದರೂ ನನಗೆ ಗೊತ್ತಾಯಿತು. ಅದು ನಿನ್ನ ತಲೆಯ ಮೇಲೆ ಬಂತು, ತಂದು ಹಾಕಿದವಳು ನಾನು. ಆ ಪ್ಯಾರಾ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಯೋಚಿಸಿದ ಮೇಲೆ ಇನ್ನೊಂದು ಯೋಚನೆ ಬರುತ್ತದೆ: ಗೊತ್ತಾಗದಿದ್ದರೆ ಇನ್ನೊಂದು ಕರೆಯೂ ಹಾಗೇ ಕಾಯುತ್ತಿತ್ತೇನೋ. ಎರಡರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೋ ತಿಳಿಯುತ್ತಿಲ್ಲ. ಚಾರ್ಟಿನಲ್ಲಿ ಇದಕ್ಕೆ ಸಾಲಿಲ್ಲ.

ಮೇಡಂ ಹತ್ತಿರ ಹೋಗಿ ಪ್ರಾಜೆಕ್ಟ್ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಕಾರಣ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ನೀರು ಕೊಟ್ಟು, ಪೂರ್ತಿ ಕೇಳಿದರು. ಆಮೇಲೆ ನನ್ನ ಪ್ರಶ್ನೆಗಳ ಹಾಳೆ ತೆಗೆದು ನನ್ನ ಮುಂದಿಟ್ಟರು. "ಇಪ್ಪತ್ತು ಪ್ರಶ್ನೆ ಕೇಳಿದೀಯ. ಯಾವುದ್ರಲ್ಲಾದ್ರೂ ಇವರು ಹೇಗಿದ್ದಾರೆ ಅಂತ ಕೇಳಿದೀಯಾ, ನೋಡು" ಎಂದರು. ನೋಡಿದೆ. ನಿಯಮಗಳ ಬಗ್ಗೆ ಇದೆ, ರಜೆಯ ಬಗ್ಗೆ ಇದೆ, ಕುರ್ಚಿಯ ಬಗ್ಗೆಯೂ ಒಂದಿದೆ.

ಆ ಚಾಪ್ಟರ್ ಹರಿದು ಹಾಕಿದ್ದೇನೆ. ಈ ಉತ್ತರಗಳನ್ನು ನಂಬಬಾರದು, ತಪ್ಪು ಕೇಳಿದವಳದ್ದು ಎಂದು ಕೊನೆಯಲ್ಲಿ ಅರ್ಧ ಪುಟ ಬರೆದು ಕೊಟ್ಟೆ. ಇಪ್ಪತ್ತೈದಕ್ಕೆ ಹನ್ನೊಂದು ಬಂತು. ಪಾಸು. ಅತ್ತಿಗೆಗೆ ಹೇಳು.

ನಾನು ಸಾಹೇಬರಿಗೆ ಬರೆಯಲಾ? ವಿಚಾರಣೆಯವರಿಗೆ ಬರೆಯಲಾ? ನೀನು ಬೇಡ ಎಂದರೆ ಬರೆಯುವುದಿಲ್ಲ. ಈ ಸಲ ಕೇಳಿಯೇ ಮಾಡುತ್ತೇನೆ.

ಹೇಗಿದ್ದೀಯ ಅಕ್ಕ?

ಗುಬ್ಬಿ


ನವೆಂಬರ್ 19

ಗುಬ್ಬಿ,

ಯಾರಿಗೂ ಬರೆಯಬೇಡ. ಎಲ್ಲಾ ಮುಗಿಯಿತು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಸಾಹೇಬರು ನನಗಿಂತ ಮೊದಲು ಒಳಗೆ ಹೋಗಿದ್ದರು. ಸಿಬ್ಬಂದಿಗೆ ಇದ್ದ ವಿಶ್ರಾಂತಿಯ ವ್ಯವಸ್ಥೆಯನ್ನು ನಾನು ತೆಗೆದೆ, ಅದರ ಜಾಗದಲ್ಲಿ ಏನೂ ಇಡಲಿಲ್ಲ, ತಪ್ಪು ವ್ಯವಸ್ಥೆಯದ್ದು, ಸಹಿ ನನ್ನದು ಎಂದು ಬರೆದುಕೊಟ್ಟರಂತೆ. ಟೈಪ್ ಮಾಡಿದ ಗುಮಾಸ್ತೆ ಹೇಳಿದಳು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಅವರಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ನನಗೆ ಏನೂ ಬರಲಿಲ್ಲ. ಫೈಲು ಮುಂದೆ ಹೋಯಿತು, ಪಟ್ಟಿಯಲ್ಲಿ ಹೆಸರಿದೆ, ಏಳನೆಯದು.

ಇನ್ನೊಂದು. ಆ ಹೆಂಗಸು ತೀರಿಹೋಗಲಿಲ್ಲ. ಬದುಕಿದ್ದಾರೆ. ಮೂರನೇ ದಿನ ಮನೆಗೆ ಹೋದರಂತೆ.

ಬದುಕಿದರು ಎಂದು ಆಗಲೇ ಬರೆದಿದ್ದರೆ ನೀನು ಸದ್ಯ ಎನ್ನುತ್ತಿದ್ದೆ. ಸಾಹೇಬರು ಸದ್ಯ ಎಂದರು, ವಿಚಾರಣೆಗೆ ಬಂದ ಮೂವರೂ ಸದ್ಯ ಎಂದರು. ಅಲ್ಲಿಗೆ ಎಲ್ಲರಿಗೂ ಅದು ಮುಗಿದುಹೋಯಿತು. ನನಗೆ ಮುಗಿದಿರಲಿಲ್ಲ. ಅದಕ್ಕೇ ಬರೆಯಲಿಲ್ಲ. ನೀನು ಅದನ್ನು ಹೊತ್ತು ಅಷ್ಟು ದಿನ ಕೂತಿದ್ದೆ ಎಂಬುದು ನಿನ್ನ ಕಾಗದ ನೋಡಿದ ಮೇಲೆ ಗೊತ್ತಾಯಿತು. ಅದು ನನ್ನ ತಪ್ಪು.

ಹೇಗಿದ್ದೀಯ ಎಂದು ಕೇಳಿದ್ದೀಯ. ಈ ಪ್ರಶ್ನೆಗೆ ಹದಿನಾರು ದಿನ ತೆಗೆದುಕೊಂಡೆ. ಚೆನ್ನಾಗಿಲ್ಲ.

ನಲವತ್ತು ಸೆಕೆಂಡು ಕೊಟ್ಟಿದ್ದಾರಲ್ಲ, ಅದು ಶುರುವಾದ ಕೂಡಲೇ ನಾನು ಮೂಲೆಯ ಅಂಕಿ ನೋಡುತ್ತೇನೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಬೆನ್ನು ನೆಟ್ಟಗಾಗಿರುತ್ತದೆ. ಮೂರಕ್ಕೆ ಬೆರಳು ಬಟನ್ ಮೇಲಿರುತ್ತದೆ. ಮನೆಯಲ್ಲಿ ಹಾಲು ಕಾಯಿಸಲು ಇಟ್ಟರೂ ನಲವತ್ತರಿಂದ ಕೆಳಕ್ಕೆ ಎಣಿಸುತ್ತೇನೆ. ಬಾಗಿಲು ತಟ್ಟಿದರೆ ಮೊದಲ ತಟ್ಟಿಗೇ ತೆರೆದಿರುತ್ತೇನೆ. ಪಕ್ಕದ ಮನೆಯವರು ಬಾಗಿಲ ಹಿಂದೆಯೇ ನಿಂತಿದ್ರಾ ಎಂದು ಕೇಳಿದರು. ಬೋರ್ಡಿನಲ್ಲಿ ಈ ತಿಂಗಳೂ ಮೇಲಿನ ಮೂರರಲ್ಲಿದ್ದೇನೆ.

ನಿನ್ನೆ ಸಾಹೇಬರು ಖಾಯಂ ಆದೇಶ ಕೈಗೆ ಕೊಡಲು ಕರೆದರು. ನಗುತ್ತಿದ್ದರು. ಅವರಿಗೆ ನಾನಾಗಿಯೇ ಏನನ್ನಾದರೂ ಹೇಳಿದ್ದು ಅದೇ ಮೊದಲು.

"ನಲವತ್ತು ಅಂತ ನಾನು ಸುಮ್ನೆ ಹೇಳಿದ್ದು ಸಾರ್."

"ಹೌದಾ? ಹಾಗಾದ್ರೆ ಎಷ್ಟು ಮಾಡೋಣ? ಅರವತ್ತು?"

"ಎಷ್ಟು ಮಾಡಿದ್ರೂ ನಾನು ಎಣಿಸ್ತೀನಿ."

ಪೆನ್ನು ಕೆಳಗಿಟ್ಟರು. ಪೆನ್ನಿಲ್ಲದೆ ಅವರ ಕೈ ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲೆ ಇತ್ತು. "ಮತ್ತೆ ಏನ್ ಬೇಕು ನಿಮಗೆ, ಹೇಳಿ" ಎಂದರು. ಒಂಬತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ, ಮಾವ ಕೂಡ. ಮಾವ ಕೇಳದೆಯೇ ಬಂದು ಕೂರುತ್ತಿದ್ದರು. ಇವರು ಕೂರುವುದಿಲ್ಲ, ಆದರೆ ಕೇಳಿದರು.

ನನ್ನನ್ನು ಗಾಡಿಗೆ ಹಾಕಿ ಎಂದೆ. ಪ್ರಥಮ ಚಿಕಿತ್ಸೆಯ ಕೋರ್ಸು ಮುಗಿಸಿದ್ದೇನೆ, ರೋಗಿಯ ಪಕ್ಕ ಕೂತು ಹೋಗುವ ಕೆಲಸಕ್ಕೆ ಅಷ್ಟು ಸಾಕು. ಅದು ಮತ್ತೆ ಕಾಂಟ್ರಾಕ್ಟು. ಪಟ್ಟಿಯಿಂದ ಹೆಸರು ಹೋಗುತ್ತದೆ, ಒಂಬತ್ತು ವರ್ಷವೂ ಹೋಗುತ್ತದೆ ಎಂದು ಅವರು ಎರಡು ಸಲ ಹೇಳಿದರು. ಮುಂದಿನ ಶುಕ್ರವಾರದವರೆಗೆ ಯೋಚನೆ ಮಾಡಿ ಎಂದರು. ಇನ್ನೊಂದನ್ನೂ ಕೇಳಿದೆ, ಬೋರ್ಡಿನಿಂದ ಹೆಸರುಗಳನ್ನು ತೆಗೆಯಿರಿ ಎಂದು. ಇವತ್ತು ಬೆಳಿಗ್ಗೆ ಹೋದಾಗ ಹೆಸರುಗಳಿರಲಿಲ್ಲ. ಬರೀ ಸೀಟಿನ ನಂಬರು.

ಆದೇಶ ಬ್ಯಾಗಿನಲ್ಲಿದೆ. ಸಹಿ ಮಾಡಿಲ್ಲ.

ಅಕ್ಕ


ನವೆಂಬರ್ 25

ಅಕ್ಕ,

ಸಹಿ ಮಾಡು ಎಂದು ಮೂರು ಸಲ ಬರೆದು ಹರಿದೆ. ನಿಜ ಹೇಳಬೇಕೆಂದರೆ ನನಗೆ ಈಗಲೂ ನೀನು ಸಹಿ ಮಾಡಬೇಕು ಎಂದೇ ಇದೆ. ಖಾಯಂ ಎಂಬ ಪದ ಕೇಳಿದರೇ ನನಗೆ ನೆಲ ಸಿಕ್ಕ ಹಾಗಾಗುತ್ತದೆ. ಅದು ನನ್ನ ಹೆದರಿಕೆ, ನಿನ್ನದಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಲು ಮೂರು ದಿನ ಬೇಕಾಯಿತು.

ಬದುಕಿದರು ಎಂದು ಓದಿದಾಗ ನಾನು ಸದ್ಯ ಎಂದೆ. ಜೋರಾಗಿಯೇ ಎಂದೆ. ನೀನು ಸರಿಯಾಗೇ ಊಹಿಸಿದ್ದೆ. ಆಮೇಲೆ ಕಾಗದ ಮಡಚಲು ಹೋದವಳು ಮತ್ತೆ ಬಿಡಿಸಿ, ಹಾಲಿನ ಸಾಲನ್ನು ಇನ್ನೊಂದು ಸಲ ಓದಿದೆ.

ನೀನು ಏನು ಮಾಡಿದರೂ ನಾನು ಟ್ರಂಕು ಕಟ್ಟುವುದಿಲ್ಲ. ಆದರೆ ನನಗೆ ಇನ್ನು ಮೇಲೆ ಐದು ಹಾಕಿ ಕಳಿಸಬೇಡ.

ಗುಬ್ಬಿ


ಡಿಸೆಂಬರ್ 7

ಗುಬ್ಬಿ,

ಸಹಿ ಮಾಡಲಿಲ್ಲ. ಆದೇಶವನ್ನು ಶುಕ್ರವಾರ ಸಾಹೇಬರಿಗೆ ವಾಪಸು ಕೊಟ್ಟೆ. ನಮ್ಮಲ್ಲಿ ಹೀಗೆ ಮಾಡಿದವರು ಯಾರೂ ಇಲ್ಲ, ಯಾವ ಫೈಲಿಗೆ ಹಾಕಬೇಕೋ ಗೊತ್ತಾಗುತ್ತಿಲ್ಲ ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಕೋಪವಿರಲಿಲ್ಲ. ಅವರಿಗೆ ಅರ್ಥವಾಯಿತೆಂದು ಹೇಳಲಾರೆ. ಗಾಡಿಯ ಕೆಲಸಕ್ಕೆ ಮಾತ್ರ ಅವತ್ತೇ ಸಹಿ ಹಾಕಿ ಕೊಟ್ಟರು.

ಅತ್ತಿಗೆ ಬಾಗಿಲವರೆಗೆ ಬಂದಳು. "ಹೋಗು, ಹೋಗಿ ಬೀದಿ ಬೀದಿ ತಿರುಗು, ಕೂತು ತಿನ್ನೋ ಯೋಗ ನಿನಗೆಲ್ಲಿ" ಎಂದಳು. ಕಣ್ಣು ಒದ್ದೆಯಾಗಿತ್ತು, ಆದ್ದರಿಂದ ಇನ್ನಷ್ಟು ಬೈದಳು.

ಬುಧವಾರ ಮೊದಲ ದಿನ. ಗಾಡಿ ಓಡಿಸುವವರು ನಿವೃತ್ತಿಗೆ ಎರಡು ವರ್ಷ ಉಳಿದವರು. ಹಾರ್ನ್ ಕಮ್ಮಿ, ಮಾತು ಜಾಸ್ತಿ. ಹನ್ನೊಂದು ಗಂಟೆಗೆ ಒಂದು ಕರೆ ಬಂತು. ಕಟ್ಟಡದ ಮೆಟ್ಟಿಲಿನಿಂದ ಬಿದ್ದ ಒಬ್ಬರು ತಾತ. ದೊಡ್ಡದೇನಲ್ಲ, ಸೊಂಟದ ನೋವು, ಮೊಣಕೈ ತರಚಿತ್ತು. ದಾರಿಯುದ್ದಕ್ಕೂ ಮೆಟ್ಟಿಲು ಕಟ್ಟಿದವನನ್ನು ಬೈದರು. ನನ್ನ ಕೈ ಹಿಡಿದುಕೊಂಡಿದ್ದರು, ಹಿಡಿದುಕೊಂಡಿದ್ದು ಅವರಿಗೇ ಗೊತ್ತಿರಲಿಲ್ಲ ಅನಿಸುತ್ತದೆ. ಆಸ್ಪತ್ರೆಯಲ್ಲಿ ನರ್ಸು ಬಂದು ವಿವರ ಬರೆದುಕೊಂಡಳು, ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಒಳಗೆ ಕರೆದೊಯ್ದಳು. ತಿರುವಿನಲ್ಲಿ ತಾತ ತಲೆಯೆತ್ತಿ, ಆಯ್ತಮ್ಮ ಹೋಗ್ಬಾ, ಎಂದರು.

ಕರೆ ಶುರುವಾಗಿ, ನಡೆದು, ಮುಗಿದದ್ದನ್ನು ನಾನು ಕಣ್ಣಿಂದ ನೋಡಿದ್ದು ಅದೇ ಮೊದಲು.

ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಬಿಸಿಲಿತ್ತು. ಡ್ರೈವರಣ್ಣ ಎಂಜಿನ್ ಆರಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಕೂತಿದ್ದರು. ನಾನು ನೋಡುತ್ತಿದ್ದೇನೆಂದು ತಿಳಿದು, "ಹತ್ತಮ್ಮ ನಿಧಾನಕ್ಕೆ, ನಮ್ಮನ್ನ ಯಾರೂ ಕರೆದಿಲ್ಲ ಇನ್ನೂ" ಎಂದರು.

ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂದು ಗೊತ್ತಿಲ್ಲ.

ಅಕ್ಕ